ಯೆಜ್ಡಿ ಪಿಸ್ಟನ್ನಿಗೆ ಕೋಟಿಂಗ್ ಮಾಡಿದ ಕತೆ

ಊಟಿಗೆ ಹೋಗುವ ಕಲ್ಹಟ್ಟಿ ಘಾಟಿ ಹತ್ತುವಾಗ ನನ್ನ ಹಳೇ ಟೂ-ಸ್ಟ್ರೋಕ್ ಬೈಕ್ ಯೆಜ್ಡಿ ರೋಡ್‌ಕಿಂಗ್ ಸೀಜ್ ಆಯಿತು, ಅಂದರೆ ಪಿಸ್ಟನ್ ಸಿಲಿಂಡರಿನೊಳಗೆ ಸಿಕ್ಕಿಕೊಂಡು ನಿಂತಿತು. ಹಿಂದೆ ತಮ್ಮ ಕೂತಿದ್ದ, ಎರಡನೇ ಗೇರು, ಸುಡು ಬಿಸಿಲು. ಹಿಂದಿನ ಚಕ್ರ ಇದ್ದಕ್ಕಿದ್ದಂತೆ ಕಚ್ಚಿಕೊಂಡಿತು. ತಕ್ಷಣ ಕ್ಲಚ್ ಹಿಡಿದೆ, ಬೀಳಲಿಲ್ಲ.

ಮೈಸೂರಿಗೆ ತಂದು ಬ್ಲಾಕ್, ಅಂದರೆ ಸಿಲಿಂಡರ್, ಬಿಚ್ಚಿದೆ. ಪಿಸ್ಟನ್ನಿನ ಸೈಲೆನ್ಸರ್ ಕಡೆಯ ಮೈ ಉಜ್ಜಿಹೋಗಿ, ಅದರ ಅಲ್ಯೂಮಿನಿಯಂ, ಪಿಸ್ಟನ್ ಓಡಾಡುವ ಬೋರಿನ ಗೋಡೆಗೆ ಮೆತ್ತಿಕೊಂಡಿತ್ತು. ಬೋರು ಬೀಡುಕಬ್ಬಿಣದ್ದು. ಕಾದರೆ ಅಲ್ಯೂಮಿನಿಯಂ ಅದಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು ಹಿಗ್ಗುತ್ತದೆ. ನಡುವಿನ ಎಣ್ಣೆಯ ಪೊರೆ ಹರಿಯಿತೋ, ಮುಗಿಯಿತು.

ಹೊಸ ಓವರ್‌ಸೈಜ್ (ಕೊಂಚ ದಪ್ಪನೆಯ) ಪಿಸ್ಟನ್ನಿಗೆ ಈ ಸಲ ಮಾಲಿಬ್ಡಿನಮ್ ಡೈಸಲ್ಫೈಡ್ ಕೋಟಿಂಗ್ ಹಾಕೋಣ ಅನ್ನಿಸಿತು. ಈಗಿನ ಎಷ್ಟೋ ಕಾರುಗಳ ಪಿಸ್ಟನ್ ಮೇಲೆ ಕಂಪನಿಯಿಂದಲೇ ಬರುವ ಕಪ್ಪು ಪಟ್ಟಿ ನೋಡಿದ್ದೀರಲ್ವಾ, ಅದೇ ಜಾತಿಯದು. ಇದರೊಳಗಿನ ಪದರಗಳು ಇಸ್ಪೀಟ್ ಎಲೆಗಳ ಹಾಗೆ ಒಂದರ ಮೇಲೊಂದು ಜಾರುತ್ತವೆ. ಎಣ್ಣೆ ಒಂದು ಕ್ಷಣ ಕೈಕೊಟ್ಟರೂ ಲೋಹಕ್ಕೆ ಲೋಹ ತಾಗುವುದಿಲ್ಲ.

ಹಾಕುವುದು ದೊಡ್ಡ ವಿದ್ಯೆಯಲ್ಲ, ಆದರೆ ತಾಳ್ಮೆ ಬೇಕು. ಪಿಸ್ಟನ್ನಿನ ಜಿಡ್ಡು ಪೂರ್ತಿ ತೆಗೆದು, ರಿಂಗು ಕೂರುವ ತೋಡುಗಳಿಗೂ ಪಿನ್ ತೂತಿಗೂ ಟೇಪ್ ಸುತ್ತಿದೆ. ಸ್ಕರ್ಟಿಗೆ ಮಾತ್ರ, ಅಂದರೆ ರಿಂಗುಗಳ ಕೆಳಗಿನ ಮೈಗೆ, ಸಣ್ಣ ಮರಳು ಹೊಡೆಸಿ ತರಿತರಿ ಮಾಡಿಸಿದೆ. ನುಣ್ಣಗಿದ್ದರೆ ಹಿಡಿಯುವುದಿಲ್ಲ. ಸ್ವಲ್ಪ ಬಿಸಿ ಮಾಡಿ ತೆಳ್ಳಗೆ ಸ್ಪ್ರೇ ಮಾಡಿದೆ. ಟೇಪ್ ಬಿಚ್ಚಿ, ಡಬ್ಬಿಯ ಮೇಲೆ ಬರೆದ ಹಾಗೆ 180 ಡಿಗ್ರಿಯಲ್ಲಿ ಒಂದು ಗಂಟೆ ಬೇಯಿಸಿದೆ. ಇದಕ್ಕೆ ಅಡುಗೆಮನೆಯ ಓವನ್ ಮುಟ್ಟಬೇಡಿ. ನಾನು ಮುಟ್ಟಿದೆ. ಆ ವಾಸನೆಗೆ ಅದು ಈಗ ಖಾಯಂ ಆಗಿ ಗ್ಯಾರೇಜಿನಲ್ಲಿದೆ, ಮನೆಗೆ ಹೊಸದು ಬಂದಿದೆ.

ದೊಡ್ಡ ತಪ್ಪು ಆದದ್ದು ಆಮೇಲೆ. ಕೋಟಿಂಗ್ ಆದ ಪಿಸ್ಟನ್ನನ್ನೇ ಬೋರಿಂಗ್ ಮಾಡುವವರಿಗೆ, ಅಂದರೆ ಬೋರನ್ನು ಹೊಸ ಪಿಸ್ಟನ್ನಿನ ಅಳತೆಗೆ ಕೊರೆದು ಅಗಲ ಮಾಡುವವರಿಗೆ, ಕೊಟ್ಟೆ. ಅವರು ಅದರ ಮೇಲೆಯೇ ಅಳತೆ ಹಿಡಿದು ಪಿಸ್ಟನ್ನಿಗೂ ಬೋರಿಗೂ ನಡುವೆ 0.07 ಮಿ.ಮೀ. ಸಂದು ಬಿಟ್ಟರು. ನನ್ನ ಕೋಟಿಂಗ್ ಒಂದೊಂದು ಕಡೆ 15 ಮೈಕ್ರಾನ್ (0.015 ಮಿ.ಮೀ.), ಎರಡೂ ಕಡೆ ಸೇರಿ 0.03 ಮಿ.ಮೀ. ಅದು ತಾಗುವ ಕಡೆ ಸವೆದ ಮೇಲೆ ಸಂದು 0.10ಕ್ಕೆ ಹತ್ತಿರವಾಯಿತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಟಕಟಕ ಸದ್ದು. ಪಕ್ಕದ ಮನೆಯವರು "ಗಾಡಿಗೆ ಏನಾಯ್ತು" ಅಂತ ಕೇಳುವಷ್ಟು.

ಮತ್ತೆ ಮುಂದಿನ ಸೈಜಿನ ಪಿಸ್ಟನ್, ಮತ್ತೆ ಖರ್ಚು. ಈ ಸಲ ಬೋಳು ಪಿಸ್ಟನ್ನಿನ ಅಳತೆಗೇ ಬೋರ್ ಮಾಡಿಸಿ, ಆಮೇಲೆ ಕೋಟಿಂಗ್ ಹಾಕಿದೆ. ಶುರುವಿಗೆ ಸಂದು ಬಿಗಿ ಇತ್ತು. ಅದಕ್ಕೇ ಮೊದಲ 500 ಕಿ.ಮೀ. ತುಂಬಾ ಮೆತ್ತಗೆ ಓಡಿಸಿದೆ. ಟೂ-ಸ್ಟ್ರೋಕ್ ಆದ್ದರಿಂದ ಇದಕ್ಕೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು, ಲೀಟರಿಗೆ 40 ಎಂ.ಎಲ್. ಹಾಕುವುದನ್ನು ಬಿಡಲಿಲ್ಲ. ಕೋಟಿಂಗ್ ಇದೆ ಅಂತ ಆಯಿಲ್ ಕಡಿಮೆ ಮಾಡುವವರನ್ನು ನೋಡಿದ್ದೇನೆ, ಶುದ್ಧ ಪೆದ್ದುತನ.

ಮೈಲೇಜ್ ಜಾಸ್ತಿ ಆಯಿತಾ ಅಂತ ಎಲ್ಲರೂ ಕೇಳುತ್ತಾರೆ. ನನಗಂತೂ ಗೊತ್ತಾಗುವಷ್ಟು ಆಗಲಿಲ್ಲ. ಪಿಸ್ಟನ್ ತಲೆಗೆ ಸೆರಾಮಿಕ್ ಕೋಟಿಂಗ್ ಹಾಕಿದರೆ ಬಿಸಿ ಒಳಗೆ ಇಳಿಯುವುದು ತಗ್ಗುತ್ತದೆ. ಆದರೆ ಸರಿಯಾಗಿ ಕೂರದೆ ಚಕ್ಕೆ ಎದ್ದರೆ ಬೋರು ಗೀಚಿಹೋಗುತ್ತದೆ ಅಂತ ನಾನು ಅದರ ತಂಟೆಗೆ ಹೋಗಲಿಲ್ಲ.

6,000 ಕಿ.ಮೀ. ಆದ ಮೇಲೆ, ಅದೇ ಕಲ್ಹಟ್ಟಿಯನ್ನು ಇನ್ನೊಮ್ಮೆ ಹತ್ತಿ ಬಂದ ವಾರ, ಬ್ಲಾಕ್ ಬಿಚ್ಚಿದೆ. ಸ್ಕರ್ಟಿನ ಮುಂದೆ ಹಿಂದೆ ಕಪ್ಪು ಸವೆದು ಬೂದುಬಣ್ಣಕ್ಕೆ ತಿರುಗಿತ್ತು. ಉಗುರು ಎಳೆದು ನೋಡಿದೆ, ಎಲ್ಲೂ ಗೀರು ಸಿಗಲಿಲ್ಲ. ಹೊಸ ಗ್ಯಾಸ್ಕೆಟ್ ಹಾಕಿ, ಅದೇ ಪಿಸ್ಟನ್ ಇಟ್ಟು ಮುಚ್ಚಿದೆ.