ದೂಧ್‌ಸಾಗರಕ್ಕೆ ಹೋಗೋದಾದ್ರೆ ಗಾಡಿ ನಾಲ್ಕಕ್ಕೇ ಬಿಡಿ

ಮೊದಲ ಸಲ ನಾವು ಹುಬ್ಬಳ್ಳಿಯಿಂದ ಹೊರಟು, ದೂಧ್‌ಸಾಗರ ಜಲಪಾತಕ್ಕೆ ಜೀಪು ಸಿಗುವ ಗೋವಾದ ಕುಳೆಂ ಮುಟ್ಟಿದಾಗ ಮಧ್ಯಾಹ್ನ ಹನ್ನೆರಡೂವರೆ. ಧಾರವಾಡದಲ್ಲಿ ಮಿರ್ಚಿ ತಿಂದಿದ್ದೆವು, ಅಳ್ನಾವರದಲ್ಲಿ ಚಹಾ ಕುಡಿದಿದ್ದೆವು, ಲೋಂಡಾ ದಾಟಿದ ಮೇಲೆ ಎಲ್ಲೆಲ್ಲಿ ಕಾಡು ಚಂದ ಕಂಡಿತೋ ಅಲ್ಲೆಲ್ಲ ಗಾಡಿ ನಿಲ್ಲಿಸಿ ಫೋಟೊ ಹೊಡೆದಿದ್ದೆವು. ಜೀಪ್ ಕೌಂಟರಿನಲ್ಲಿದ್ದವನು ತಲೆ ಕೂಡ ಎತ್ತಲಿಲ್ಲ, "ಆಜ್ ಕಾ ಖತಂ" ಅಂದ. ಹೆಂಡತಿ ನನ್ನ ಮುಖ ನೋಡಿ, "ನಾ ಹೇಳಿರ್ಲಿಲ್ಲೇನ್ರಿ, ಲಗೂ ಏಳ್ರಿ ಅಂತ?" ಅಂದಳು. ಅಷ್ಟು ದೂರ ಹೋಗಿ ಜಲಪಾತದ ಒಂದು ಹನಿ ನೋಡದೆ ವಾಪಸ್ ಬಂದೆವು.

ಅದಾದ ಮೇಲೆ ಮೂರು ಸಲ ಹೋಗಿದ್ದೇನೆ, ಮೂರು ಸಲವೂ ನೋಡಿ ಬಂದಿದ್ದೇನೆ. ಗುಟ್ಟೇನಿಲ್ಲ. ಈ ಪ್ರವಾಸವನ್ನು ಹುಬ್ಬಳ್ಳಿಯಿಂದ ಲೆಕ್ಕ ಹಾಕಬಾರದು, ಕುಳೆಂ ಕೌಂಟರಿನಿಂದ ಹಿಂದಕ್ಕೆ ಲೆಕ್ಕ ಹಾಕಬೇಕು.

ಯಾವಾಗ ಹೋಗಬೇಕು

ದೂಧ್‌ಸಾಗರ ಇರುವುದು ಗೋವಾದ ಭಗವಾನ್ ಮಹಾವೀರ ಅಭಯಾರಣ್ಯದಲ್ಲಿ. ಒಟ್ಟು 240 ಚದರ ಕಿ.ಮೀ. ಕಾಡು, ಅದರಲ್ಲಿ 107 ಚದರ ಕಿ.ಮೀ. ಮೋಲೆಂ ರಾಷ್ಟ್ರೀಯ ಉದ್ಯಾನ. ಒಳಗೆ ನಿಮ್ಮ ಗಾಡಿ ಬಿಡುವುದಿಲ್ಲ, ಅಲ್ಲಿನ ಜೀಪಿನಲ್ಲೇ ಹೋಗಬೇಕು. ಆ ಜೀಪು ಮಳೆಗಾಲದಲ್ಲಿ ಬಂದ್. ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ ಶುರುವಾಗಿ ಮೇ ತನಕ ನಡೆಯುತ್ತವೆ. ನನ್ನ ಮಟ್ಟಿಗೆ ದಸರಾ ಮುಗಿದ ಮೇಲಿಂದ ಡಿಸೆಂಬರ್ ತನಕ ಸರಿಯಾದ ಕಾಲ, ಯಾಕಂದ್ರೆ ನೀರೂ ಇರುತ್ತದೆ, ಜೀಪೂ ಇರುತ್ತದೆ. ಮಾರ್ಚ್ ಹೊತ್ತಿಗೆ ಹಾಲಿನ ಸಮುದ್ರ ಅನ್ನುವ ಹೆಸರಿಗೆ ಸ್ವಲ್ಪ ನಾಚಿಕೆಯಾಗುವಷ್ಟು ಸಣ್ಣ ಧಾರೆ ಉಳಿದಿರುತ್ತದೆ. ಡಿಸೆಂಬರ್ ಕೊನೆಯ ವಾರ ಮಾತ್ರ ಬೇಡವೇ ಬೇಡ. ಇಡೀ ದೇಶ ಗೋವಾದಲ್ಲಿರುತ್ತದೆ.

"ಮಳೆಗಾಲದಾಗ ರೈಲ್ವೆ ಹಳಿ ಹಿಡದು ನಡಕೊಂಡು ಹೋಗೋಣ" ಅನ್ನುವ ಗೆಳೆಯ ಪ್ರತಿ ಗುಂಪಿನಲ್ಲೂ ಒಬ್ಬ ಇರುತ್ತಾನೆ. ಅವನ ಮಾತು ಕೇಳಬೇಡಿ. ಹಳಿ ಮೇಲೆ ನಡೆಯುವುದು ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅಪರಾಧ, ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ. 2023ರ ಜುಲೈನಲ್ಲಿ ಹಾಗೆ ಹೋದವರಿಗೆ ಹಳಿ ಪಕ್ಕದಲ್ಲೇ ಬಸ್ಕಿ ಹೊಡೆಸಿದ ವಿಡಿಯೊ ನಮ್ಮೆಲ್ಲರ ಮೊಬೈಲಿಗೂ ಬಂದಿತ್ತಲ್ವಾ. ಮಳೆಯಲ್ಲೇ ನೋಡಬೇಕು ಅಂದ್ರೆ ಹುಬ್ಬಳ್ಳಿಯಿಂದ ವಾಸ್ಕೊ ಕಡೆ ಹೋಗುವ ರೈಲು ಹತ್ತಿ, ಕ್ಯಾಸಲ್‌ರಾಕ್ ದಾಟಿದ ಮೇಲೆ ನಿದ್ದೆ ಮಾಡದೆ ಕಿಟಕಿ ಹತ್ತಿರ ಕೂತಿರಿ, ಜಲಪಾತದ ಮುಂದೆಯೇ ಹಾಯ್ದು ಹೋಗುತ್ತದೆ.

ಹಿಂದಿನ ರಾತ್ರಿ

ಟಾಕಿ ತುಂಬಿಸಿ, ಟಯರ್ ಗಾಳಿ ನೋಡಿ, ಸ್ಟೆಪ್ನಿಯದ್ದನ್ನೂ ನೋಡಿ. ಲೈಸೆನ್ಸ್, ಆರ್‌ಸಿ, ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟು ಕೈಗೆ ಸಿಗುವ ಹಾಗೆ ಇಡಿ. ಬೇರೆ ರಾಜ್ಯದ ನಂಬರ್ ಪ್ಲೇಟ್ ಕಂಡರೆ ಗೋವಾದಲ್ಲಿ ಕೈ ಅಡ್ಡ ಮಾಡುವುದು ಹೊಸದಲ್ಲ.

ನೋಟು ಇಟ್ಟುಕೊಳ್ಳಿ, ಇದು ಮುಖ್ಯ. ಕಾಡಿನ ಕಡೆ ನೆಟ್‌ವರ್ಕ್ ಯಾವಾಗ ಹೋಗುತ್ತದೋ ಹೇಳಲಾಗದು. ಕಳೆದ ಸಲ ನನ್ನ ಮುಂದಿದ್ದ ಹುಡುಗ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಫೋನನ್ನು ತಲೆ ಮೇಲೆ ಎತ್ತಿ, ಆ ಕಡೆ ಈ ಕಡೆ ನಾಲ್ಕು ಹೆಜ್ಜೆ ಹಾಕಿ, ಇನ್ನೂ ತಿರುಗುತ್ತಲೇ ಇದ್ದ ಆ ಸಣ್ಣ ಚಕ್ರ ನೋಡುತ್ತ ನಿಂತಿದ್ದ. ಹಿಂದೆ ಇಪ್ಪತ್ತು ಜನ. ನಾನು ನೋಟು ಕೊಟ್ಟು ಮುಂದೆ ಹೋದೆ.

ಬುತ್ತಿ ಮನೆಯಿಂದಲೇ ಆಗಲಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಎರಡು ದಿನ ಕೆಡುವುದಿಲ್ಲ, ಚೆಲ್ಲುವುದಿಲ್ಲ, ಗಾಡಿಯಲ್ಲಿ ಕೂತೇ ತಿನ್ನಬಹುದು.

ಶನಿವಾರ, ನಸುಕಿನ ನಾಲ್ಕು

ಹುಬ್ಬಳ್ಳಿಯಿಂದ ಧಾರವಾಡ, ಅಲ್ಲಿಂದ ಅಳ್ನಾವರ, ಲೋಂಡಾ, ರಾಮನಗರ, ಅನಮೋಡ, ಘಾಟ್ ಇಳಿದರೆ ಮೋಲೆಂ, ಅಲ್ಲಿಂದ ಎಡಕ್ಕೆ ಹೊರಳಿದರೆ ಕುಳೆಂ. 130ರಿಂದ 140 ಕಿ.ಮೀ. ಅಷ್ಟೇ. ಆದರೆ ಬೆಂಗಳೂರು ಹೈವೇ ಲೆಕ್ಕದಲ್ಲಿ ಎರಡು ತಾಸು ಅಂದುಕೊಳ್ಳಬೇಡಿ, ನಾಲ್ಕು ತಾಸು ಹಿಡಿಯಿರಿ. ನಾಲ್ಕಕ್ಕೆ ಬಿಟ್ಟರೆ ಎಂಟರ ಹೊತ್ತಿಗೆ ಕೌಂಟರ್ ಮುಂದೆ ಇರುತ್ತೀರಿ.

ನಾಲ್ಕು ಗಂಟೆಗೆ ಇನ್ನೊಂದು ಕಾರಣ ಇದೆ. ಅಳ್ನಾವರ ತನಕ ಕತ್ತಲಲ್ಲಿ ಹೋದರೂ ಪರವಾಗಿಲ್ಲ, ಗೊತ್ತಿರುವ ರಸ್ತೆ. ಲೋಂಡಾ ಸೇರುವಾಗ ಬೆಳಕು ಹರಿಯುತ್ತದೆ. ಅಲ್ಲಿಂದ ಮುಂದೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು ಶುರು, ರಸ್ತೆ ಪಕ್ಕದಲ್ಲಿ ಕಾಡುಕೋಣ ನಿಂತಿದ್ದರೆ ಬೆಳಕಿದ್ದಾಗಲೇ ಕಾಣುವುದು. ಶುಕ್ರವಾರ ರಾತ್ರಿ ಆಫೀಸು ಮುಗಿಸಿ ಹೊರಡುವವರು ಇದನ್ನು ಮರೆಯುತ್ತಾರೆ. ಒಂದು ಟನ್ ತೂಗುವ ಪ್ರಾಣಿಗೆ ನಿಮ್ಮ ಕಾರು ಗುದ್ದಿದರೆ ಇಬ್ಬರಿಗೂ ಒಳ್ಳೆಯದಲ್ಲ.

ಅನಮೋಡ ಘಾಟ್ ಇಳಿಯುವಾಗ ಬ್ರೇಕ್ ಮೇಲೆ ಕಾಲು ಊರಿಕೊಂಡೇ ಹೋಗಬೇಡಿ. ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು, ನಮ್ಮ ಲಾರಿ ಡ್ರೈವರ್‌ಗಳ ಹಳೇ ಲೆಕ್ಕ. ವಾಂತಿ ಮಾಡಿಕೊಳ್ಳುವ ಮಕ್ಕಳಿದ್ದರೆ ಘಾಟ್ ಮುಗಿಯುವ ತನಕ ಹೊಟ್ಟೆಗೆ ಏನೂ ಕೊಡಬೇಡಿ, ರೊಟ್ಟಿ ಮೋಲೆಂನಲ್ಲಿ ಬಿಚ್ಚಿದರಾಯಿತು.

ಕೌಂಟರ್, ಜೀಪ್, ನೀರು

ಒಂದು ಜೀಪಿಗೆ ಏಳು ಜನ ಹಿಡಿಯುತ್ತಾರೆ. ಏಳು ಜನ ಇದ್ದರೆ ಸಲೀಸು, ನಾಲ್ಕೇ ಇದ್ದರೆ ಇನ್ನೊಂದು ಗುಂಪಿನ ಜೊತೆ ಕೂರಿಸುತ್ತಾರೆ. ಜೀಪಿನ ದುಡ್ಡು ಬೇರೆ, ಅರಣ್ಯ ಇಲಾಖೆ ಪ್ರವೇಶ ಬೇರೆ, ಲೈಫ್ ಜಾಕೆಟ್ ಬಾಡಿಗೆ ಬೇರೆ. ದರ ಬದಲಾಗುತ್ತಿರುತ್ತದೆ, ಹೋಗುವ ವಾರ ಕೇಳಿಕೊಳ್ಳಿ. ದಿನಕ್ಕೆ ಇಷ್ಟೇ ಜೀಪು ಅಂತ ಮಿತಿ ಇದೆ, ಶನಿವಾರ ಭಾನುವಾರ ಬೇಗ ಮುಗಿಯುತ್ತವೆ. ನಮ್ಮ ಮೊದಲ ಸಲದ ಕಥೆ ಗೊತ್ತಲ್ಲ.

ಜೀಪಿನ ದಾರಿ ಹತ್ತು ಹನ್ನೆರಡು ಕಿ.ಮೀ. ಕೆಂಪು ಧೂಳು, ಬೇರು, ಕಲ್ಲು. ಮಧ್ಯೆ ಹಳ್ಳ ದಾಟಬೇಕು, ಸೇತುವೆ ಇಲ್ಲ. ಡ್ರೈವರ್ ನಿಲ್ಲಿಸುವುದೇ ಇಲ್ಲ, "ಪೈರ್ ಉಪರ್" ಅನ್ನುತ್ತಾನೆ, ನೀವು ಕಾಲೆತ್ತುವಷ್ಟರಲ್ಲಿ ನೀರು ಫುಟ್‌ಬೋರ್ಡ್ ಮೇಲೆ ಹರಿದು ಚಪ್ಪಲಿ ತೊಯ್ದಿರುತ್ತದೆ. ಬೆನ್ನು ನೋವಿರುವವರು, ಬಸುರಿಯರು ಈ ಜೀಪ್ ಹತ್ತದಿರುವುದೇ ವಾಸಿ.

ಇಳಿದ ಮೇಲೆ ಒಂದು ಕಿ.ಮೀ.ಗಿಂತ ಕಮ್ಮಿ ನಡಿಗೆ, ದುಂಡು ಬಂಡೆಗಳ ಮೇಲೆ. ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿ, ಹವಾಯಿ ಚಪ್ಪಲಿ ಒಂದು ಬಂಡೆಯಲ್ಲೇ ಕೈಕೊಡುತ್ತದೆ. ಆಮೇಲೆ ಮರಗಳ ಮಧ್ಯೆ ತಲೆ ಎತ್ತುತ್ತೀರಿ, 310 ಮೀಟರ್ ಎತ್ತರದಿಂದ ನಾಲ್ಕು ಹಂತಗಳಲ್ಲಿ ಬೀಳುತ್ತಿದೆ. ಮಧ್ಯದಲ್ಲಿ ರೈಲ್ವೆ ಸೇತುವೆ. ನಾವು ನೀರಲ್ಲಿದ್ದಾಗ ಒಂದು ಗೂಡ್ಸ್ ಗಾಡಿ ಹಾಯ್ದು ಹೋಯಿತು, ಮಕ್ಕಳ ಆಟಿಗೆಯಷ್ಟು ಕಂಡಿತು, ಸದ್ದು ಮಾತ್ರ ಎದೆಗೆ ಬಡಿಯಿತು.

ಈ ನೀರು ಖಾಂಡೇಪಾರ ನದಿಗೆ ಹೋಗಿ ಮಹದಾಯಿ ಸೇರುತ್ತದೆ, ಗೋವಾದವರು ಮಾಂಡೋವಿ ಅನ್ನುವುದು ಈ ಮಹದಾಯಿಗೇ. ನವಲಗುಂದ, ನರಗುಂದದ ಕಡೆಯವರಿಗೆ ಮಹದಾಯಿ ಅಂದರೆ ಧರಣಿ ಪೆಂಡಾಲು, ಬಂದ್, 2018ರ ನ್ಯಾಯಮಂಡಳಿ ತೀರ್ಪು. ನನ್ನ ಜೊತೆಗಿದ್ದ ನರಗುಂದದ ಭಾವ ಆ ಕೊಳದಲ್ಲಿ ಮೊಣಕಾಲುದ್ದ ನಿಂತು ಬೊಗಸೆಯಲ್ಲಿ ನೀರು ಎತ್ತಿ ನೋಡಿದ, ಏನೂ ಮಾತಾಡಲಿಲ್ಲ.

ಕೊಳಕ್ಕೆ ಲೈಫ್ ಜಾಕೆಟ್ ಇಲ್ಲದೆ ಇಳಿಯಬೇಡಿ, ಮಲಪ್ರಭೆಯಲ್ಲಿ ಈಜು ಕಲಿತವನು ಅಂತ ಜಂಬವೂ ಬೇಡ. ನೀರು ತಣ್ಣಗೆ, ಕೆಳಗೆ ಬಂಡೆ ಪಾಚಿ. ತಿನ್ನುವುದನ್ನು ಚೀಲದಲ್ಲಿ ಒಯ್ಯಲೇಬೇಡಿ. ನಮ್ಮ ಧಾರವಾಡ ಪೇಡೆ ಡಬ್ಬಿಯನ್ನು ಒಂದು ಮಂಗ ಒಯ್ದು, ಕೊಂಬೆ ಮೇಲೆ ಕೂತು, ಮುಚ್ಚಳ ತೆಗೆದು, ಒಂದೊಂದೇ ಪೇಡೆಯನ್ನು ಮೇಲಿನ ಸಕ್ಕರೆ ನೆಕ್ಕಿ ಕೆಳಗೆ ಬಿಸಾಡಿತು. ಇದಕ್ಕಿಂತ ದೊಡ್ಡ ಅವಮಾನ ಪೇಡೆಗೆ ಆಗಿರಲಿಕ್ಕಿಲ್ಲ.

ನೀರ ಹತ್ತಿರ ಸಿಗುವುದು ಒಂದು, ಒಂದೂವರೆ ತಾಸು. ಹೊತ್ತು ಮೀರಿದರೆ ಡ್ರೈವರ್ ಹಾರ್ನ್ ಹೊಡೆಯುತ್ತಾನೆ. ಜೀಪಿನ ನಂಬರ್ ಇಳಿಯುವಾಗಲೇ ಫೋಟೊ ತೆಗೆದಿಟ್ಟುಕೊಳ್ಳಿ, ಎಲ್ಲ ಜೀಪೂ ಒಂದೇ ತರಹ ಕಾಣುತ್ತವೆ.

ಭಾನುವಾರ

ರಾತ್ರಿ ಮೋಲೆಂ ಅಥವಾ ಕುಳೆಂನಲ್ಲೇ ಉಳಿಯಿರಿ, ಪಣಜಿ ಕಡೆ ಓಡಬೇಡಿ. ಬೆಳಿಗ್ಗೆ ತಾಂಬಡಿ ಸುರ್ಲಾಕ್ಕೆ ಹೋಗಿ. ಕಾಡಿನ ನಡುವೆ ಕದಂಬರ ಕಾಲದ ಮಹಾದೇವ ಗುಡಿ, ಕರಿ ಬಸಾಲ್ಟ್ ಕಲ್ಲಿನದ್ದು. ಲಕ್ಕುಂಡಿ ನೋಡಿದ ಗದಗಿನವರಿಗೆ ಇದು ಸಣ್ಣದು ಅನ್ನಿಸಬಹುದು. ಆದರೆ ಒಳಗಿನ ಕಂಬ, ಚಾವಣಿಯ ಕಮಲ ನೋಡಿದಾಗ ನಮ್ಮ ಕಡೆಯ ಕೈಗಳೇ ಅನ್ನಿಸುತ್ತದೆ. ಮೂಡಣಕ್ಕೆ ಮುಖ, ಬೇಗ ಹೋದರೆ ಬಿಸಿಲು ಒಳಗೆ ಬರುವುದು ಕಾಣುತ್ತದೆ.

ವಾಪಸ್ ಬರುವಾಗ ಗಡಿಯಲ್ಲಿ ಡಿಕ್ಕಿ ತೆಗೆಸಿ ಬಾಟಲಿ ಹುಡುಕುತ್ತಾರೆ. ಗೋವಾದಲ್ಲಿ ಅಗ್ಗ ಅಂತ ಕೊಂಡದ್ದು ಅನಮೋಡದಲ್ಲಿ ತುಟ್ಟಿಯಾಗುತ್ತದೆ, ತರದಿರುವುದೇ ಒಳ್ಳೆಯದು. ಒದ್ದೆ ಬಟ್ಟೆಗೆ ಒಂದು ಗೋಣಿಚೀಲ ಇಟ್ಟುಕೊಂಡಿದ್ದರೆ ಸೀಟು ವಾಸನೆ ಹಿಡಿಯುವುದಿಲ್ಲ.

ಮಧ್ಯಾಹ್ನ ಎರಡರೊಳಗೆ ಮೋಲೆಂ ಬಿಟ್ಟರೆ ಕತ್ತಲಾಗುವ ಮೊದಲು ಕಾಡು ದಾಟುತ್ತೀರಿ. ಧಾರವಾಡಕ್ಕೆ ಬರುವಾಗ ಗಾಡಿಗಳ ಮೇಲೆ ಮಿರ್ಚಿ ಬಾಣಲೆಗೆ ಬೀಳುತ್ತಿರುತ್ತದೆ. ಅವನ್ನು ಈಗ ತಿನ್ನಿ.