ತುದಿ ಹಿಡಿದು ನೋಡಿ: ಪ್ರೋಟೀನ್ ಅರಿಯಲು ಶಿಡ್ಲಘಟ್ಟದ ಒಂದು ದಾರಿ

ನಮ್ಮಮ್ಮ ಶಿಡ್ಲಘಟ್ಟದಲ್ಲಿ ಇಪ್ಪತ್ತೆರಡು ವರ್ಷ ರೇಷ್ಮೆ ನೂಲು ತೆಗೆದವಳು. ಬೇಯಿಸಿದ ಗೂಡನ್ನು ಬಿಸಿನೀರಿನ ಬೇಸಿನ್ನಿಗೆ ಬಿಟ್ಟ ಮೇಲೆ ಮೊದಲ ಕೆಲಸ ಎಳೆಯ ತುದಿ ಹುಡುಕುವುದು. ತುದಿ ಸಿಕ್ಕಿತೋ, ಗೂಡು ಪೂರ್ತಿ ಬಿಚ್ಚಿಕೊಳ್ಳುತ್ತದೆ. ನಾನು ಚಿಕ್ಕಬಳ್ಳಾಪುರದಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಒಂದು ಸಂಜೆ ಮೊಬೈಲಿನಲ್ಲಿ ರಕ್ತದ ಹಿಮೋಗ್ಲೋಬಿನ್ ಎಂಬ ಪ್ರೋಟೀನಿನ ಚಿತ್ರವನ್ನು ತಿರುಗಿಸಿ ನೋಡುತ್ತಿದ್ದಾಗ ಅಮ್ಮ ಪಕ್ಕಕ್ಕೆ ಬಂದು, "ಸಿಕ್ಕಾಗಿರೋ ನೂಲಿನ ಹಾಗಿದೆ ಕಣೇ. ಇದರ ತುದಿ ಎಲ್ಲಿ?" ಅಂದಳು. ಹದಿನಾರು ವರ್ಷದ ಪಾಠದಲ್ಲಿ ಯಾವ ವಿದ್ಯಾರ್ಥಿಯೂ ನನ್ನನ್ನು ಹಾಗೆ ಕೇಳಿರಲಿಲ್ಲ. ಅಂದಿನಿಂದ ಪ್ರೋಟೀನ್ ಪಾಠ ಶುರುವಾಗುವುದೇ ಅಮ್ಮನ ಆ ಪ್ರಶ್ನೆಯಿಂದ.

ಪಿಯುಸಿ ಓದುವ ಮಕ್ಕಳೂ, ಮನೆಯಲ್ಲಿ ಸಕ್ಕರೆ ಕಾಯಿಲೆಯವರಿರುವ ದೊಡ್ಡವರೂ ಇದನ್ನು ಮಾಡಿ ನೋಡಬಹುದು. ಹತ್ತು ರೇಷ್ಮೆ ಗೂಡು, ಇಂಟರ್‌ನೆಟ್ ಇರುವ ಒಂದು ಫೋನು, ಮನೆಯವರ ಒಂದು ಹಳೆಯ ರಕ್ತಪರೀಕ್ಷೆಯ ರಿಪೋರ್ಟು ಇದ್ದರೆ ಸಾಕು.

ಮೊದಲು ಗೂಡು

ಚಿಟ್ಟೆ ಹೊರಬಂದು ತೂತಾದ ಗೂಡು ಸಿಕ್ಕರೆ ಒಳ್ಳೆಯದು, ಒಳಗಿನ ಹುಳು ತೆಗೆಯುವ ಕಷ್ಟವಿರುವುದಿಲ್ಲ. ಇಲ್ಲದಿದ್ದರೆ ಕತ್ತರಿಯಿಂದ ಸೀಳಿ, ಒಳಗನ್ನು ಚೊಕ್ಕ ಮಾಡಿ. ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ತೂಗಿ. ಅಡುಗೆಮನೆಯ ತಕ್ಕಡಿಗೆ ಇಷ್ಟು ಸಣ್ಣ ತೂಕ ಸಿಗುವುದಿಲ್ಲ. ನಾನು ಪರಿಚಯದ ಚಿನ್ನದಂಗಡಿಯಲ್ಲಿ ತೂಗಿಸುತ್ತೇನೆ. ಸ್ಟೀಲ್ ಪಾತ್ರೆಯಲ್ಲಿ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ವಾಷಿಂಗ್ ಸೋಡಾ ಹಾಕಿ, ಗೂಡನ್ನು ಅರ್ಧ ಗಂಟೆ ಕುದಿಸಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಸೋಡಾ ಅದನ್ನು ತಿನ್ನುತ್ತದೆ. ಮಕ್ಕಳು ಮಾಡುವಾಗ ದೊಡ್ಡವರೊಬ್ಬರು ಪಕ್ಕದಲ್ಲಿರಲಿ.

ಆಮೇಲೆ ಎಳೆಯನ್ನು ಮೂರು ನೀರಿನಲ್ಲಿ ತೊಳೆದು, ಒಣಗಿಸಿ, ಮತ್ತೆ ತೂಗಿ. ಹೆಚ್ಚುಕಡಿಮೆ ಕಾಲು ಭಾಗ ತೂಕ ಇಳಿದಿರುತ್ತದೆ. ನೀರಿಗಿಳಿದದ್ದು ಸೆರಿಸಿನ್ ಎಂಬ ಅಂಟು. ಕೈಯಲ್ಲಿ ಉಳಿದ ಹೊಳೆಯುವ ಎಳೆ ಫೈಬ್ರಾಯಿನ್. ಎರಡೂ ಪ್ರೋಟೀನೇ, ಎರಡನ್ನೂ ಒಂದೇ ಹುಳು ಅದೇ ಹಿಪ್ಪುನೇರಳೆ ಸೊಪ್ಪು ತಿಂದು ಮಾಡಿದ್ದು. ಹಾಗಿದ್ದೂ ಒಂದು ಬಿಸಿನೀರಿಗೆ ಕರಗಿತು, ಇನ್ನೊಂದು ಸೀರೆಯಾಗಿ ಮೂರು ತಲೆಮಾರು ಬಾಳುತ್ತದೆ. ಇಲ್ಲಿ ಸ್ವಲ್ಪ ನಿಂತು ಯೋಚಿಸಿ.

ಪ್ರೋಟೀನೆಂದರೆ ಅಮೈನೋ ಆಮ್ಲಗಳ ಕೊಂಡಿಗಳನ್ನು ಸಾಲಾಗಿ ಪೋಣಿಸಿದ ಸರಪಳಿ. ಕೊಂಡಿಯಲ್ಲಿ 20 ಬಗೆ. ಯಾವುದರ ಮುಂದೆ ಯಾವುದು ಬಂತು ಎಂಬುದರ ಮೇಲೆ ಸರಪಳಿ ಹೇಗೆ ಮಡಚಿಕೊಳ್ಳಬೇಕೆಂಬುದು ನಿಲ್ಲುತ್ತದೆ, ಮಡಿಕೆಯ ಮೇಲೆ ಅದರ ಕೆಲಸ. ಫೈಬ್ರಾಯಿನ್ನಿನಲ್ಲಿ ಗ್ಲೈಸಿನ್, ಅಲನಿನ್ ಎಂಬ ಎರಡು ಸಣ್ಣ ಕೊಂಡಿಗಳು ಒಂದಾದ ಮೇಲೊಂದು ಬರುತ್ತಲೇ ಇರುತ್ತವೆ. ಹಾಗಾಗಿ ಸರಪಳಿಗಳು ಇಸ್ತ್ರಿ ಮಾಡಿ ಪೇರಿಸಿದ ಬಟ್ಟೆಯಂತೆ ಒತ್ತಾಗಿ ಕೂರುತ್ತವೆ, ನಡುವೆ ನೀರು ನುಗ್ಗಲು ಜಾಗವಿಲ್ಲ. ಸೆರಿಸಿನ್ನಿನಲ್ಲಿ ಸೆರಿನ್ ಎಂಬ ಕೊಂಡಿ ಹೆಚ್ಚು, ಅದಕ್ಕೆ ನೀರೆಂದರೆ ಇಷ್ಟ. ಸೆರಿನ್ನಿನ ಹೆಸರೇ ರೇಷ್ಮೆಯ ಲ್ಯಾಟಿನ್ ಹೆಸರಿನಿಂದ ಬಂದದ್ದು. 1865ರಲ್ಲಿ ಅದನ್ನು ಮೊದಲು ಬೇರ್ಪಡಿಸಿದ್ದು ರೇಷ್ಮೆಯಿಂದಲೇ. ನಮ್ಮೂರ ಮಕ್ಕಳಿಗೆ ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಏರುತ್ತದೆ.

ಕಾಲೇಜಿನ ಲ್ಯಾಬ್ ಸಿಗುವವರು ಆ ಕುದಿಸಿದ ನೀರಿಗೆ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿ, ಮೇಲೆ ಮೈಲುತುತ್ತದ ತೆಳು ನೀರನ್ನು ಎರಡು ಹನಿ ಬಿಡಿ. ದ್ರಾಕ್ಷಿ ತೋಟದವರು ಸುಣ್ಣದ ಜೊತೆ ಕಲಸಿ ಸಿಂಪಡಿಸುತ್ತಾರಲ್ಲ, ಅದೇ ಮೈಲುತುತ್ತ. ನೇರಳೆ ಬಣ್ಣ ಬಂದರೆ ಪ್ರೋಟೀನ್ ಇದೆ ಎಂದರ್ಥ. ಮೈಲುತುತ್ತ ವಿಷ, ಹೈಡ್ರಾಕ್ಸೈಡ್ ಚರ್ಮ ಸುಡುತ್ತದೆ. ಮನೆಯಲ್ಲಿ ಇದನ್ನು ಮಾಡಬೇಡಿ.

ಈಗ ಫೋನು

ರೇಷ್ಮೆಯನ್ನೇ ಪರದೆಯ ಮೇಲೆ ನೋಡುವ ಆಸೆ ಎಲ್ಲರಿಗೂ ಬರುತ್ತದೆ. ಫೈಬ್ರಾಯಿನ್ನಿನ ದೊಡ್ಡ ಸರಪಳಿಯಲ್ಲಿ 5,263 ಕೊಂಡಿಗಳಿವೆ, ಮೊದಲ ದಿನಕ್ಕೆ ಅದು ಬೇಡ. ಹಿಮೋಗ್ಲೋಬಿನ್ನಿನಿಂದ ಶುರುಮಾಡಿ.

ಗೂಗಲ್‌ನಲ್ಲಿ ಆರ್‌ಸಿಎಸ್‌ಬಿ ಪಿಡಿಬಿ ಎಂದು ಹುಡುಕಿ. ಇದು ಪ್ರೋಟೀನ್ ಆಕಾರಗಳ ಜಗತ್ತಿನ ಉಗ್ರಾಣ. 1971ರಲ್ಲಿ ಏಳು ಆಕಾರಗಳಿಂದ ಶುರುವಾದದ್ದು ಈಗ ಎರಡು ಲಕ್ಷ ದಾಟಿದೆ. ದುಡ್ಡಿಲ್ಲ, ಹೆಸರು ನೋಂದಾಯಿಸಬೇಕಾಗಿಲ್ಲ. ಹುಡುಕುವ ಜಾಗದಲ್ಲಿ 4 ಅಂಕಿ, ಅದಕ್ಕೆ ತಾಗಿಸಿ ಎಚ್, ಎಚ್, ಬಿ ಎಂಬ ಇಂಗ್ಲಿಷ್ ಅಕ್ಷರಗಳನ್ನು ಒತ್ತಿ. ಪುಟ ತೆರೆದ ಮೇಲೆ 3ಡಿ ನೋಟವನ್ನು ಆರಿಸಿ. ಒಂದು ಬೆರಳಿನಿಂದ ತಿರುಗಿಸಿ, ಎರಡು ಬೆರಳಿನಿಂದ ಹಿಗ್ಗಿಸಿ. ನಾಲ್ಕು ಸರಪಳಿ ಕಾಣುತ್ತವೆ: ಎರಡು ಆಲ್ಫಾ, ಎರಡು ಬೀಟಾ. ಪ್ರತಿಯೊಂದರ ಮಡಿಲಲ್ಲೂ ಚಪ್ಪಟೆಯಾದ ಹೀಮ್, ಅದರ ನಡುವೆ ಒಂದು ಕಬ್ಬಿಣದ ಪರಮಾಣು. ಉಸಿರಿನ ಆಮ್ಲಜನಕ ಕೂರುವ ಜಾಗ ಅದು. ಈ ಆಕಾರ ಹಿಡಿಯಲು ಮ್ಯಾಕ್ಸ್ ಪೆರುಟ್ಜ್ ಇಪ್ಪತ್ತಕ್ಕೂ ಹೆಚ್ಚು ವರ್ಷ ದುಡಿದರು, 1962ರಲ್ಲಿ ನೊಬೆಲ್ ಪಡೆದರು.

ಈಗ ತುದಿ. ಚಿತ್ರದ ಮೇಲ್ಗಡೆ ಅಕ್ಷರಗಳ ಒಂದು ಸಾಲು ಇರುತ್ತದೆ. ಅಲ್ಲಿ ಬೀಟಾ ಸರಪಳಿಯನ್ನು ಆರಿಸಿ. ಒಂದೊಂದು ಅಕ್ಷರ ಒಂದೊಂದು ಕೊಂಡಿ. ಮೊದಲ ಆರು ಹೀಗಿವೆ: ವಿ, ಎಚ್, ಎಲ್, ಟಿ, ಪಿ, ಇ. ಮೊದಲನೆಯ ವಿ ಮುಟ್ಟಿ, ಚಿತ್ರದಲ್ಲಿ ಆ ಜಾಗ ಬಣ್ಣ ತಾಳುತ್ತದೆ. ಅಮ್ಮ ಕೇಳಿದ ತುದಿ ಇದೇ.

ಆ ವಿ ಅಂದರೆ ವ್ಯಾಲಿನ್. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಷ್ಟೂ ಹೆಚ್ಚು ಬೀಟಾ ಸರಪಳಿಗಳ ಈ ತುದಿಗೆ ಗ್ಲೂಕೋಸ್ ಅಂಟಿಕೊಳ್ಳುತ್ತದೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ, ಅಂಟಿದ್ದು ಅದರೊಡನೆಯೇ ಇರುತ್ತದೆ. ಮನೆಯ ರಿಪೋರ್ಟ್ ತೆಗೆದು ಎಚ್‌ಬಿಎ1ಸಿ ಎಂಬ ಸಾಲು ಹುಡುಕಿ. ಅಲ್ಲಿರುವ ಶೇಕಡಾ ಲೆಕ್ಕ ಈ ತುದಿಗಳದ್ದೇ. 5.7ರಿಂದ 6.4ರವರೆಗೆ ಎಚ್ಚರಿಕೆಯ ಅಂಚು, 6.5 ಮತ್ತು ಮೇಲಕ್ಕೆ ಸಕ್ಕರೆ ಕಾಯಿಲೆ. ಪರೀಕ್ಷೆಯ ಹಿಂದಿನ ಎರಡು ದಿನ ಮುದ್ದೆ ಕಡಿಮೆ ಮಾಡಿದರೆ ಬೆಳಗಿನ ಸಕ್ಕರೆ ಇಳಿದು ಕಾಣಬಹುದು. ಎರಡು ಮೂರು ತಿಂಗಳಿಂದ ಅಂಟಿಕೊಂಡದ್ದು ಎರಡು ದಿನಕ್ಕೆ ಬಿಡುವುದಿಲ್ಲ. ಒಂದು ವಿಷಯ ನೆನಪಿಡಿ: ರಕ್ತ ಹೆಚ್ಚು ಹೋಗಿದ್ದರೆ, ಬೇರೆಯವರ ರಕ್ತ ಏರಿಸಿದ್ದರೆ, ಕಬ್ಬಿಣಾಂಶದ ಕೊರತೆಯಿದ್ದರೆ ಈ ಅಂಕಿ ದಾರಿ ತಪ್ಪಿಸಬಹುದು. ಇದನ್ನು ಡಾಕ್ಟರಿಗೆ ನೀವಾಗಿಯೇ ತಿಳಿಸಿ.

ಇನ್ನು ಆರನೆಯ ಅಕ್ಷರ, ಇ. ಅಂದರೆ ಗ್ಲುಟಾಮಿಕ್ ಆಮ್ಲ. ಇದೊಂದರ ಜಾಗದಲ್ಲಿ ವ್ಯಾಲಿನ್ ಬಂದು ಕೂತರೆ ಕುಡುಗೋಲು ಕಣ ರೋಗ. 146 ಕೊಂಡಿಗಳಲ್ಲಿ ಒಂದೇ ಒಂದು ಬದಲಾಗಿ, ಹಿಮೋಗ್ಲೋಬಿನ್‌ಗಳು ಒಂದಕ್ಕೊಂದು ಅಂಟಿ ಸರಳುಗಳಾಗುತ್ತವೆ, ಕಣ ಬಾಗುತ್ತದೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿ ಪ್ರಾಣ ಹಿಂಡುವ ನೋವು ಕೊಡುತ್ತದೆ. ಇದು ಪ್ರೋಟೀನಿನಲ್ಲಿರುವ ರೋಗ ಎಂದು ಲೈನಸ್ ಪೌಲಿಂಗ್ ಮತ್ತು ಸಂಗಡಿಗರು 1949ರಲ್ಲಿ ತೋರಿಸಿದರು. ರೋಗದ ಬೇರನ್ನು ಒಂದು ಅಣುವಿನಲ್ಲಿ ಹುಡುಕುವ ವೈದ್ಯಶಾಸ್ತ್ರದ ಅಭ್ಯಾಸ ಬಲವಾದದ್ದು ಅಲ್ಲಿಂದ.

3ಡಿ ನೋಟದಿಂದ ಮೊದಲು ತೆರೆದ ಪುಟಕ್ಕೆ ಮರಳಿ, ಅಲ್ಲಿ ಕೆಂಪಿನಿಂದ ನೀಲಿಗೆ ಹೋಗುವ ಪಟ್ಟಿಗಳಿರುತ್ತವೆ. ಒಂದರ ಪಕ್ಕ ರಾಮಚಂದ್ರನ್ ಎಂಬ ಹೆಸರಿದೆ, ತಪ್ಪದೆ ನೋಡಿ. ಸರಪಳಿಯ ಕೊಂಡಿ ಯಾವ ಯಾವ ಕೋನಕ್ಕೆ ತಿರುಗಬಹುದು, ಎಲ್ಲಿ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ ಎಂದು ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು 1963ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಲೆಕ್ಕ ಹಾಕಿ ನಕ್ಷೆ ಬರೆದರು. ಆಮೇಲೆ ಅವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಆ ವಿದ್ಯೆಗೊಂದು ವಿಭಾಗವನ್ನೇ ಕಟ್ಟಿದರು. ಇವತ್ತಿಗೂ ಹೊಸ ಪ್ರೋಟೀನ್ ಆಕಾರವನ್ನು ಆ ನಕ್ಷೆಗೆ ಹಿಡಿದು ಒರೆಹಚ್ಚುತ್ತಾರೆ.

ಇನ್ಸುಲಿನ್: ತುದಿ ತಿದ್ದಿ ಮಾಡಿದ ಔಷಧ

ಅಮ್ಮ ರಾತ್ರಿ ಹೊತ್ತು ಗ್ಲಾರ್ಜಿನ್ ಎಂಬ ಇನ್ಸುಲಿನ್ ಚುಚ್ಚಿಕೊಳ್ಳುತ್ತಾಳೆ. ಆದ್ದರಿಂದ ಈ ಭಾಗ ನನಗೆ ಪಾಠಕ್ಕಿಂತ ಹೆಚ್ಚು.

ಆಲ್ಫಾಫೋಲ್ಡ್ ಡೇಟಾಬೇಸ್ ಎಂದು ಹುಡುಕಿ ತೆರೆಯಿರಿ. ಪಿಡಿಬಿಯಲ್ಲಿರುವುದು ಪ್ರಯೋಗ ಮಾಡಿ ಕಂಡ ಆಕಾರ. ಇಲ್ಲಿರುವುದು ಕೊಂಡಿಗಳ ಸಾಲನ್ನು ಓದಿ ಕಂಪ್ಯೂಟರ್ ಊಹಿಸಿದ ಆಕಾರ, 20 ಕೋಟಿಗೂ ಹೆಚ್ಚು. ಇದನ್ನು ಸಾಧಿಸಿದ ಡೆಮಿಸ್ ಹಸ್ಸಾಬಿಸ್, ಜಾನ್ ಜಂಪರ್ ಇಬ್ಬರಿಗೂ, ಹೊಸ ಪ್ರೋಟೀನುಗಳನ್ನೇ ವಿನ್ಯಾಸ ಮಾಡುವ ಡೇವಿಡ್ ಬೇಕರ್ ಅವರಿಗೂ 2024ರ ರಸಾಯನಶಾಸ್ತ್ರದ ನೊಬೆಲ್ ಬಂತು. ಪಿ ಅಕ್ಷರ ಒತ್ತಿ, ತಾಗಿಸಿ 01308 ಎಂದು ಕೊಡಿ. ಮನುಷ್ಯರ ಇನ್ಸುಲಿನ್ ಬರುತ್ತದೆ.

ಮೊದಲು ಬಣ್ಣ ಓದಿ. ಕಡುನೀಲಿ ಇದ್ದಲ್ಲಿ ಊಹೆ ಗಟ್ಟಿ, ತಿಳಿನೀಲಿ ಪರವಾಗಿಲ್ಲ, ಹಳದಿಯನ್ನು ನೆಚ್ಚಬೇಡಿ, ಕಿತ್ತಳೆಯನ್ನಂತೂ ಆಕಾರವೆಂದೇ ತಿಳಿಯಬೇಡಿ.

ಆಮೇಲೆ ಉದ್ದ ನೋಡಿ: 110 ಕೊಂಡಿ. ಪುಸ್ತಕದಲ್ಲಿ 51 ಅಂತಿದೆಯಲ್ಲ ಮೇಡಂ, ಎಂದು ಮಕ್ಕಳು ಕೇಳುತ್ತಾರೆ. ಎರಡೂ ಸರಿ. ಮೊದಲ 24 ಕೊಂಡಿ ವಿಳಾಸ ಬರೆದ ಚೀಟಿಯಿದ್ದಂತೆ, ಕೆಲಸ ಮುಗಿದ ಮೇಲೆ ಕತ್ತರಿಸಿ ಹೋಗುತ್ತದೆ. ನಡುವಿನ 31ರ ತುಂಡು ಸಿ-ಪೆಪ್ಟೈಡ್, ಅದೂ ಕತ್ತರಿಸಿ ಬೇರೆಯಾಗುತ್ತದೆ. ಕತ್ತರಿ ಬೀಳುವ ಜಾಗದ ನಾಲ್ಕು ಕೊಂಡಿ ಹೋಗುತ್ತವೆ. ಉಳಿದದ್ದು 30ರ ಬಿ ಸರಪಳಿ, 21ರ ಎ ಸರಪಳಿ. ಹಸುವಿನ ಇನ್ಸುಲಿನ್ನಿನ ಇಂಥದ್ದೇ 51ರ ಸಾಲನ್ನು ಪೂರ್ತಿ ಓದಿದ್ದು ಫ್ರೆಡರಿಕ್ ಸ್ಯಾಂಗರ್, 1955ರ ಹೊತ್ತಿಗೆ. ಚುಚ್ಚುಮದ್ದಿನ ಇನ್ಸುಲಿನ್‌ನಲ್ಲಿ ಸಿ-ಪೆಪ್ಟೈಡ್ ಇರುವುದಿಲ್ಲ. ಹಾಗಾಗಿ ರಕ್ತದಲ್ಲಿ ಅದು ಎಷ್ಟಿದೆ ಎಂದು ನೋಡಿದರೆ ರೋಗಿಯ ಮೇದೋಜೀರಕ ಗ್ರಂಥಿ ಸ್ವಂತವಾಗಿ ಎಷ್ಟು ಮಾಡುತ್ತಿದೆ ಎಂದು ಡಾಕ್ಟರಿಗೆ ಗೊತ್ತಾಗುತ್ತದೆ.

1922ರಲ್ಲಿ ಮೊದಲ ರೋಗಿಗೆ ಕೊಟ್ಟದ್ದು ಪ್ರಾಣಿಯ ಗ್ರಂಥಿಯಿಂದ ತೆಗೆದ ಇನ್ಸುಲಿನ್. 1982ರಲ್ಲಿ ಬ್ಯಾಕ್ಟೀರಿಯಾದೊಳಗೆ ಬೆಳೆದ ಮಾನವ ಇನ್ಸುಲಿನ್ ಬಂತು. ಸಾಲೂ ಆಕಾರವೂ ಗೊತ್ತಾದ ಮೇಲೆ ವಿಜ್ಞಾನಿಗಳು ತುದಿಗೆ ಕೈ ಹಾಕಿದರು. ಬಿ ಸರಪಳಿಯ ಕೊನೆಗೆ ಎರಡು ಅರ್ಜಿನಿನ್ ಸೇರಿಸಿ, ಎ ಸರಪಳಿಯ ಕಟ್ಟಕಡೆಯ ಕೊಂಡಿಯನ್ನು ಗ್ಲೈಸಿನ್‌ಗೆ ಬದಲಾಯಿಸಿದರೆ ಗ್ಲಾರ್ಜಿನ್. ಸೀಸೆಯಲ್ಲಿ ಹುಳಿಯಿರುವ ದ್ರಾವಣದಲ್ಲಿ ಕರಗಿರುತ್ತದೆ, ಚರ್ಮದ ಕೆಳಗೆ ಹೋದೊಡನೆ ಸಣ್ಣ ಕಣಗಳಾಗಿ ಕೂತು ಇಡೀ ದಿನ ನಿಧಾನವಾಗಿ ಕರಗುತ್ತದೆ. ಬಿ ಸರಪಳಿಯ 28, 29ನೆಯ ಕೊಂಡಿಗಳನ್ನು ಅದಲುಬದಲು ಮಾಡಿದರೆ ಲಿಸ್ಪ್ರೋ. ಅಣುಗಳು ಗುಂಪು ಕಟ್ಟದೆ ಬೇಗ ರಕ್ತ ಸೇರುತ್ತವೆ, ಊಟಕ್ಕೆ ಕೂರುವ ಮುಂಚೆ ಚುಚ್ಚಿಕೊಳ್ಳಬಹುದು. ನಿಮ್ಮ ಫೋನಿನಲ್ಲಿ ಆ ತುದಿಗಳನ್ನು ಮುಟ್ಟಿ ನೋಡಿ.

ಒಮ್ಮೆ ಅಮ್ಮ ತಣ್ಣಗಿರಲಿ ಎಂದು ಹೊಸ ಇನ್ಸುಲಿನ್ ಸೀಸೆಯನ್ನು ಫ್ರೀಜರಿನಲ್ಲಿಟ್ಟಿದ್ದಳು. ಕರಗಿದ ಮೇಲೆ ಅದನ್ನೇ ನಾಲ್ಕು ದಿನ ಬಳಸಿ, ಸಕ್ಕರೆ 300 ದಾಟಿತು. ಬೆಂದ ಮೊಟ್ಟೆಯನ್ನು ಆರಿಸಿದರೆ ಹಸಿಯಾಗುವುದಿಲ್ಲ. ಹೆಪ್ಪುಗಟ್ಟಿ ಮಡಿಕೆ ಕೆಟ್ಟ ಇನ್ಸುಲಿನ್ ಕೂಡ ಹಾಗೆಯೇ. ಬಳಸದ ಸೀಸೆ 2ರಿಂದ 8 ಡಿಗ್ರಿಯಲ್ಲಿ, ಫ್ರಿಜ್ಜಿನ ಬಾಗಿಲಲ್ಲಿ ಇರಲಿ. ಫ್ರಿಜ್ ಇಲ್ಲದ ಮನೆಯಲ್ಲಿ ಒದ್ದೆ ಮಡಕೆಯ ತಂಪು. ಹೆಪ್ಪುಗಟ್ಟಿದ್ದನ್ನು, ಬಿಸಿಲಲ್ಲಿ ಕಾದದ್ದನ್ನು ಎಸೆಯಿರಿ, ದುಡ್ಡು ಹೋಯಿತೆಂದು ಹಿಂಜರಿಯಬೇಡಿ.

ರಿಪೋರ್ಟಿನ ಇತರ ಸಾಲುಗಳು

ಇವನ್ನು ಬೇಗ ಹೇಳುತ್ತೇನೆ. ಆಲ್ಬುಮಿನ್ ಯಕೃತ್ತು ಮಾಡುವ ಪ್ರೋಟೀನ್, ರಕ್ತದಲ್ಲಿ ನೀರನ್ನು ಹಿಡಿದಿಡುತ್ತದೆ, ತೀರ ಇಳಿದರೆ ಕಾಲು ಊದುತ್ತದೆ. ಅದೇ ಮೂತ್ರದಲ್ಲಿ ಕಂಡರೆ ಮೂತ್ರಪಿಂಡದ ಜರಡಿ ಸೋರುತ್ತಿದೆ ಎಂದು, ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ನೋಡಿಸಬೇಕು. ಟ್ರೋಪೋನಿನ್ ಹೃದಯದ ಸ್ನಾಯುವಿನದು, ಸ್ನಾಯುವಿಗೆ ಪೆಟ್ಟಾದರೆ ಕೆಲವು ಗಂಟೆಗಳಲ್ಲಿ ರಕ್ತದಲ್ಲಿ ಏರುತ್ತದೆ.

ಡೆಂಗಿ ರಿಪೋರ್ಟನ್ನು ಮಾತ್ರ ನಿಧಾನವಾಗಿ ಓದಿ. ಎನ್‌ಎಸ್1 ಎಂಬುದು ವೈರಸ್ಸಿನ ಪ್ರೋಟೀನ್, ಜ್ವರದ ಮೊದಲ ದಿನಗಳಲ್ಲೇ ಸಿಗುತ್ತದೆ. ಐಜಿಎಂ ನಮ್ಮ ದೇಹ ಮಾಡುವ ಪ್ರತಿಕಾಯ, ಅದೂ ಪ್ರೋಟೀನೇ, ಸುಮಾರು ಐದನೇ ದಿನದಿಂದ ಕಾಣುತ್ತದೆ. ನನ್ನ ತಮ್ಮನಿಗೆ ಎಂಟನೇ ದಿನ ಎನ್‌ಎಸ್1 ಒಂದನ್ನೇ ಮಾಡಿಸಿ, ನೆಗೆಟಿವ್ ಬಂತೆಂದು ನಾವು ನೆಮ್ಮದಿಯಾಗಿದ್ದೆವು. ಮರುದಿನ ಡಾಕ್ಟರು ಐಜಿಎಂ ಬರೆದುಕೊಟ್ಟರು, ಪಾಸಿಟಿವ್ ಬಂತು. ಜ್ವರ ಶುರುವಾದ ದಿನವನ್ನು ಲ್ಯಾಬಿಗೂ ಡಾಕ್ಟರಿಗೂ ಹೇಳಿ.

ಈಗ ಪಿಯುಸಿಯಲ್ಲಿರುವ ಎಷ್ಟೋ ಮಕ್ಕಳಿಗೆ 2022ರಲ್ಲಿ, 12ರಿಂದ 14ರ ವಯಸ್ಸಿನಲ್ಲಿ, ಕಾರ್ಬೆವ್ಯಾಕ್ಸ್ ಹಾಕಿದ್ದರು. ಕೊರೋನಾ ವೈರಸ್ಸಿನ ಮುಳ್ಳಿನ ಪ್ರೋಟೀನಿನಲ್ಲಿ ನಮ್ಮ ಜೀವಕೋಶಕ್ಕೆ ತಗುಲಿಕೊಳ್ಳುವ ತುಂಡೊಂದನ್ನೇ ಯೀಸ್ಟಿನಲ್ಲಿ ಬೆಳೆಸಿ ಮಾಡಿದ ಲಸಿಕೆ ಅದು. ನಿಮ್ಮ ತೋಳಿಗೆ ಹೋದದ್ದು ಒಂದು ಪ್ರೋಟೀನಿನ ಆಕಾರ, ಎಂದು ತರಗತಿಯಲ್ಲಿ ಹೇಳಿದಾಗ ಕೈ ತೋಳಿನತ್ತ ಹೋಗುವುದನ್ನು ಕಂಡಿದ್ದೇನೆ.

ಮುಂದೆ ಏನು ಹುಡುಕಬೇಕೆಂದು ನಿಮ್ಮ ಮನೆಯನ್ನೇ ಕೇಳಿ. ಚಿಂತಾಮಣಿ ಕಡೆಯ ಒಬ್ಬ ಹುಡುಗನ ಮನೆಯಲ್ಲಿ ನಾಲ್ಕು ಹಸುಗಳಿವೆ. ಅವನು ಆಲ್ಫಾಫೋಲ್ಡ್‌ನಲ್ಲಿ ಹಸುವಿನ ಹಾಲಿನ ಬೀಟಾ ಕೇಸೀನ್ ಹುಡುಕಿ, ಬಹುಪಾಲು ಹಳದಿ, ಕಿತ್ತಳೆ ಕಂಡು, ಫೋನ್ ಕೆಟ್ಟಿದೆ ಎಂದುಕೊಂಡು ನನ್ನ ಹತ್ತಿರ ತಂದ. ಫೋನ್ ಸರಿಯಿತ್ತು. ಕೇಸೀನ್ ಸರಪಳಿಗೆ ಒಂದೇ ಗಟ್ಟಿ ಮಡಿಕೆ ಇರುವುದಿಲ್ಲ, ಸಡಿಲವಾಗಿ ತೂಗಾಡುತ್ತಲೇ ಕ್ಯಾಲ್ಸಿಯಂ ಜೊತೆ ಉಂಡೆ ಕಟ್ಟಿ ಹಾಲಿನಲ್ಲಿ ತೇಲುತ್ತದೆ. "ಹಾಗಾದರೆ ನಿಂಬೆಹುಳಿ ಹಿಂಡಿದಾಗ ಒಡೆಯೋದು ಯಾವ ಆಕಾರ ಮೇಡಂ?" ಎಂದು ಕೇಳಿದ. ಉಂಡೆಗಳ ಮೇಲಿನ ಋಣ ವಿದ್ಯುದಂಶ ಹುಳಿಯಿಂದ ಕಳೆದುಹೋದಾಗ, ಪಿಎಚ್ 4.6ರ ಹತ್ತಿರ, ಅವು ದೂರ ನಿಲ್ಲಲಾರದೆ ಒಟ್ಟುಗೂಡುತ್ತವೆ ಎಂದೆ. ಅವನು ನಂಬಿದಂತೆ ಕಾಣಲಿಲ್ಲ. ಶನಿವಾರ ಅವನು ಎರಡು ಲೀಟರ್ ಹಾಲು ತರುತ್ತಾನೆ, ನಾನು ಪಿಎಚ್ ಕಾಗದ ತೆಗೆದಿಟ್ಟಿದ್ದೇನೆ.