ಅವ್ವನ ಸೀರೆ, ನನ್ನ ಕೌದಿ

ಅವ್ವನ ಟ್ರಂಕಿನಲ್ಲಿ ಏಳು ಹಳೆಯ ಇಳಕಲ್ ಸೀರೆಗಳಿದ್ದವು. ಉಟ್ಟು ಉಟ್ಟು ಮೆತ್ತಗಾಗಿದ್ದವು. "ಪಾತ್ರೆಯವನಿಗೆ ಹಾಕಬ್ಯಾಡ, ಕೌದಿ ಹೊಲಿ" ಅಂದಳು. ಕೌದಿ ಅಂದರೆ ಹಳೆಯ ಅರಿವೆ ಪದರ ಪದರವಾಗಿ ಹಾಸಿ ಹೊಲಿದ ಹೊದಿಕೆ. ಅವಳ ಕಣ್ಣಿಗೆ ಈಗ ಸೂಜಿಯ ತೂತು ಕಾಣುವುದಿಲ್ಲ. ಹೇಳುವುದು ಅವಳು, ಹೊಲಿಯುವುದು ನಾನು.

ಇಳಕಲ್ ಸೀರೆಯಲ್ಲಿ ಒಡಲು ಹತ್ತಿ, ಸೆರಗು ರೇಷ್ಮೆ. ಎರಡನ್ನೂ ಮಗ್ಗದಲ್ಲೇ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಕೊಂಡಿಯ ಹತ್ತಿರವೇ ಕತ್ತರಿಸಿ ಸೆರಗು ತೆಗೆದಿಟ್ಟೆ. ರೇಷ್ಮೆ ಜಾರುತ್ತದೆ, ಪದರದಲ್ಲಿ ನಿಲ್ಲುವುದಿಲ್ಲ. ಸವೆದ ಅರಿವೆ ಒಳಗೆ, ಗಟ್ಟಿ ಇದ್ದದ್ದು ಮೇಲೆ ಕೆಳಗೆ. ಹೀಗೆ ಐದು ಪದರ. ಗಂಗಾವತಿಯ ಸೆಕೆಗೆ ಇಷ್ಟು ಸಾಕು. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಹಾಸಿಕೊಳ್ಳುತ್ತೇವೆ, ಚಳಿಗಾಲದಲ್ಲಿ ಹೊದೆಯುತ್ತೇವೆ.

ಮೊದಲು ಮಷೀನಿನಲ್ಲಿ ಪ್ರಯತ್ನಿಸಿದೆ. ಪದರಗಳು ಸರಿದು ನೆರಿಗೆ ಬಿದ್ದವು, ಹೊಲಿದಷ್ಟು ಜಾಗ ಬಿಗಿಯಾಗಿ ಗೋಣಿತಟ್ಟಿನ ಹಾಗಾಯಿತು. ಎಲ್ಲಾ ಬಿಚ್ಚಿದೆ. ನೆಲದ ಮೇಲೆ ಹಾಸಿ, ನಾಲ್ಕೂ ಮೂಲೆಗೆ ಕಲ್ಲಿಟ್ಟು, ನಡುವಿನಿಂದ ಕೈಹೊಲಿಗೆ ಶುರು ಮಾಡಿದೆ. ಅವ್ವ ಬೆರಳಾಡಿಸಿ ನೋಡಿದಳು. "ನಡುವಿಂದ ಯಾಕ ಹಿಡದಿ? ಅಂಚಿನಿಂದ ಬಾ, ಸುತ್ತ ಹಾಕ್ಕೋತ ಒಳಗ ಬಾ." ಮತ್ತೆ ಬಿಚ್ಚಿದೆ! ಸಾಲಿಗೂ ಸಾಲಿಗೂ ಒಂದು ಬೆರಳು ಅಂತರ. ದಾರವನ್ನು ಜಾಸ್ತಿ ಎಳೆಯಬಾರದು, ಸುಮ್ನೆ ಅರಿವೆಗೆ ತಾಗಿದಂತಿರಬೇಕು. ಮಧ್ಯಾಹ್ನ ಊಟ ಆದ ಮೇಲೆ ಕೂತು ಹೊಲಿದೆ, ಎರಡು ತಿಂಗಳು ಹಿಡಿಯಿತು.

ಅಂಚಿಗೆ ಅಂತ ಕೆಂಪು ಹೊಸ ಬಟ್ಟೆ ತಂದಿದ್ದೆ. ನೆನೆಸದೆ ಹಾಗೇ ಹೊಲಿದದ್ದು ನನ್ನ ತಪ್ಪು. ಮೊದಲ ಒಗೆತಕ್ಕೇ ಅದು ಕುಗ್ಗಿ, ಒಂದು ಬದಿ ಸುರುಳಿ ಸುತ್ತಿತು. ಅದನ್ನು ಕಿತ್ತು ಅವ್ವನ ಹಳೆಯ ಖಣದ ಕುಪ್ಪಸ ಬಿಚ್ಚಿ ಹಚ್ಚಿದೆ. ಈಗ ಕಣ್ಣಿಗೆ ಮೊದಲು ಬೀಳುವುದೇ ಆ ಅಂಚು.

ನಮ್ಮ ಜಿಲ್ಲೆಯ ಕಿನ್ನಾಳದ ಗೊಂಬೆಗಳನ್ನು ಎಲ್ಲರೂ ಕಲೆ ಅಂತ ಗೌರವಿಸುತ್ತಾರೆ, ಸಂತೋಷ. ಆದರೆ ದಿನಾ ರಾತ್ರಿ ಮೈಗೆ ತಾಗುವ ಕೌದಿಯನ್ನು ಹಾಗೆ ನೋಡುವವರು ಕಡಿಮೆ, ಅಲ್ವಾ? ನನಗೆ ಅದು ನೋವಿನ ಮಾತು. ಕಳೆದ ಬೇಸಿಗೆಯಲ್ಲಿ ಒಂದು ಕಡೆ ಅಂಗೈ ಅಗಲ ಸವೆದು ಹರಿಯಿತು. ಪಕ್ಕದ ಹೊಲಿಗೆ ಸಾಲು ಅದನ್ನು ಅಲ್ಲಿಗೇ ತಡೆದು ನಿಲ್ಲಿಸಿತ್ತು. ಮೇಲೊಂದು ತುಂಡಿಟ್ಟು ಅದೇ ಸಾಲಿನಲ್ಲಿ ಹೊಲಿದೆ. ಅವ್ವ ತಡವಿದಳು, ತೇಪೆ ಎಲ್ಲಿದೆ ಅಂತ ಬೆರಳಿಗೆ ತಕ್ಷಣ ಗೊತ್ತಾಯಿತು.

ಟ್ರಂಕಿನಲ್ಲಿ ಇನ್ನೂ ಮೂರು ಸೀರೆ ಇವೆ. ದೀಪಾವಳಿ ಮುಗಿಯಲಿ, ಇನ್ನೊಂದು ಕೌದಿಗೆ ಹಾಸುತ್ತೇನೆ.